ನಲವತ್ತೊಂದು ಮರಿ, ಮೂರು ರಾತ್ರಿ

ಏಪ್ರಿಲ್ 14, ಗುರುವಾರ

ಈ ಪುಸ್ತಕ ಇಟ್ಟಿದ್ದು ಪ್ರವಾಸಿಗರು ಬರೆಯಲಿ ಎಂದು. ಹೆಸರು, ದೇಶ, ಅಭಿಪ್ರಾಯ ಎಂದು ಮೂರು ಮನೆ ಗೆರೆ ಎಳೆದವಳು ನಾನೇ. ಕೊನೆಯ ಸಾಲು ನಿನ್ನೆ ಬೆಳಗಿನದು. ಜರ್ಮನಿಯ ಒಬ್ಬ ಮೇಷ್ಟ್ರು ಬರೆದಿದ್ದಾರೆ: "ನಿಮ್ಮ ಗೈಡ್ ಡ್ರೀಕಾ ಉಸಿರಾಡುವುದು ಯಾವಾಗ? ಹಕ್ಕಿ ನೋಡಲು ಬಂದು ಅವಳನ್ನು ನೋಡಿ ಹೋದೆವು." ಅದರ ಕೆಳಗೆ ಬರೀ ಖಾಲಿ ಮನೆಗಳು. ಖಾಲಿ ಮನೆ ಕಂಡರೆ ತುಂಬಿಸದೆ ಇರಲಾರದ್ದು ನನ್ನ ಹಳೇ ರೋಗ.

ನಿನ್ನೆ ಮಧ್ಯಾಹ್ನ ಸರ್ಕಾರದ ಬಿಳಿ ಗಾಡಿ ಬಂತು. ಬೆಟ್ಟದಾಚೆಯ ಒಂದು ಫಾರಂನಲ್ಲಿ ಹಕ್ಕಿಜ್ವರ ಸಿಕ್ಕಿದೆಯಂತೆ. ಒಂದೂವರೆಗೆಲ್ಲ ನಮ್ಮ ವಿಟ್‌ಕ್ಲಿಪ್ ಉಷ್ಟ್ರಪಕ್ಷಿ ಫಾರಂನ ಗೇಟಿಗೆ ಸರಪಳಿ ಬಿತ್ತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ನಾನು ಗಿಫ್ಟ್ ಅಂಗಡಿಯ ಬಾಗಿಲಲ್ಲಿ ಕೈಯಲ್ಲಿ ಟೀ ಲೋಟ ಹಿಡಿದುಕೊಂಡು ನಿಂತಿದ್ದೆ. ಸಂಜೆ ನೋಡಿದರೆ ಲೋಟ ಇನ್ನೂ ಕೈಯಲ್ಲೇ ಇತ್ತು. ಈಸ್ಟರ್ ಹಬ್ಬಕ್ಕೆ ಹತ್ತು ದಿನ. ಇಪ್ಪತ್ತೆರಡು ವರ್ಷದಲ್ಲಿ ಒಂದು ಈಸ್ಟರಿನಲ್ಲೂ ನನ್ನ ಬಾಯಿ ಮುಚ್ಚಿದ್ದಿಲ್ಲ.

ಸರ್ಕಾರಿ ಡಾಕ್ಟರು ತೆಂಬೇಕ ಎಂಬ ಹುಡುಗಿ, ನನ್ನ ಮಗಳಾಗುವ ವಯಸ್ಸು. ಇನ್ನೂರ ಹನ್ನೆರಡು ದೊಡ್ಡ ಹಕ್ಕಿಗಳ ಪೈಕಿ ಆರಿಸಿ ಆರಿಸಿ ರಕ್ತ ತೆಗೆದಳು. ಎರಡು ವಾರ ಬಿಟ್ಟು ಇನ್ನೊಮ್ಮೆ ತೆಗೆಯುತ್ತಾಳೆ. ಆಮೇಲೆ ನಮ್ಮ ಯಜಮಾನ ಮೇನೀರ್ ಲಾಟೆಗಾನರನ್ನು ನಿಲ್ಲಿಸಿಕೊಂಡು ಬಿಡಿಸಿ ಹೇಳಿದಳು. ದೊಡ್ಡ ಹಕ್ಕಿಗಳ ಲೆಕ್ಕ ಬೇರೆ, ಮರಿಮನೆಯ ಲೆಕ್ಕ ಬೇರೆ. ಬೇರೆ ಬೂಟು, ಬೇರೆ ಬಕೆಟ್ಟು, ಬೇರೆ ಮನುಷ್ಯರು. ದೊಡ್ಡವಕ್ಕೆ ಜ್ವರ ಇದೆ ಎಂದು ಬಂದರೆ ಅವಷ್ಟನ್ನೂ ಮುಗಿಸಬೇಕು. ಆದರೆ ಮರಿಗಳು ಅವನ್ನು ಮುಟ್ಟದೇ ಇದ್ದರೆ ಮರಿಗಳು ಉಳಿಯುತ್ತವೆ.

ಮೇನೀರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅವರ ಅಜ್ಜ ಆಯ್ದು ಆಯ್ದು ಬೆಳೆಸಿದ ತಳಿ ಇದು. ಈ ಋತುವಿನ ಕೊನೆಯ ಮರಿಗಳು ನಲವತ್ತೊಂದು. ಅವು ಉಳಿದರೆ ಫಾರಂ ಉಳಿಯಿತು, ಇಲ್ಲದಿದ್ದರೆ ಬೀಜವೇ ಹೋಯಿತು.

ಮರಿ ಕಾಯುವ ಲೀನಿ ಪೇಟೆಯ ಆಸ್ಪತ್ರೆಗೆ ಹೋದವಳು ಹೊರಗೇ ಸಿಕ್ಕಿಬಿದ್ದಿದ್ದಾಳೆ. ಹಾಗಾದರೆ ಮರಿಮನೆಗೆ ಯಾರು? ಎಲ್ಲರೂ ನನ್ನ ಕಡೆ ನೋಡಿದರು. ಪ್ರವಾಸಿಗಳಿಲ್ಲದ ಗೈಡ್ ಅಂದರೆ ಬಿಡುವಾಗಿರುವ ಕೈ ತಾನೇ.

ಏಪ್ರಿಲ್ 16, ಶನಿವಾರ

ಮರಿ: 41. ವಯಸ್ಸು ಹದಿಮೂರು ದಿನ. ಎತ್ತರ ನನ್ನ ಗಮ್‌ಬೂಟಿನಷ್ಟು. ಮೈಮೇಲೆ ಗರಿಯೆಂಬುದಿಲ್ಲ, ಮುಳ್ಳುಹಂದಿಯ ಹಾಗೆ ಒರಟು ಕಡ್ಡಿ.

ಎಷ್ಟು ಸಾವಿರ ಜನರಿಗೆ ಹೇಳಿದ್ದೇನೋ, "ಮೊಟ್ಟೆಯೊಡೆದ ಮರುದಿನವೇ ಮರಿ ಎದ್ದು ಓಡುತ್ತದೆ, ಇವಕ್ಕೆ ಅಮ್ಮನೂ ಬೇಡ ಅಪ್ಪನೂ ಬೇಡ" ಎಂದು. ಓಡುವುದು ನಿಜ. ಇವತ್ತು ಬೆಳಿಗ್ಗೆ ಕಕ್ಕಸಿಗೆಂದು ಗೋಡೆಯ ಹಿಂದೆ ಹೋದೆ. ಮೂರು ನಿಮಿಷವೂ ಇರಲಿಕ್ಕಿಲ್ಲ. ಒಂದು ಮರಿ ಕೂಗಿತು, ನಲವತ್ತೂ ಕೂಗಿದವು, ಎಲ್ಲ ಒಂದೇ ಮೂಲೆಗೆ ನುಗ್ಗಿ ಒಂದರ ಮೇಲೊಂದು ರಾಶಿಯಾದವು. ಅಡಿಯಲ್ಲಿದ್ದ ಮರಿಯ ಕೊರಳು ಹಗ್ಗದ ಹಾಗೆ ಬಿದ್ದಿತ್ತು. ಅಂಗೈಯಲ್ಲಿಟ್ಟು ಉಜ್ಜಿದೆ. ಬದುಕಿತು. ಇಷ್ಟು ಸುಲಭವಾಗಿ ಸಾಯುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬೇಲಿಯಾಚೆ ಓಮ್ ಹಾನೆಸ್ ವಿಂಡ್‌ಫೋಗಲ್ ನಿಂತಿದ್ದರು. ಎಪ್ಪತ್ತರ ಮುದುಕ, ಊರಿಗೆಲ್ಲ ಓಮ್, ಅಂದರೆ ಮಾವ. ದೊಡ್ಡ ಹಕ್ಕಿಗಳ ಉಸ್ತುವಾರಿ ಅವರದು. ಎಲ್ಲಿ ಹೋದರೂ ಕೈಯಲ್ಲಿ ಆಳುದ್ದದ ಮುಳ್ಳಿನ ಕೊಂಬೆ. ಗಂಡು ಹಕ್ಕಿ ಮೇಲೆ ಬಂದರೆ ಅದರ ಮುಖಕ್ಕೆ ಕೊಂಬೆ ಹಿಡಿಯಬೇಕು, ಕಣ್ಣು ಕಾಪಾಡಿಕೊಳ್ಳಲು ಅದು ಹಿಂದೆ ಸರಿಯುತ್ತದೆ.

"ಮರಿಗೆ ಕಾಣೋ ಹಾಗೆ ಒಂದು ಜೊತೆ ಕಾಲು ಇರ್ಬೇಕು ಕಣೇ," ಅಂದರು. "ಯಾರದಾದ್ರೂ ಆಯ್ತದೆ. ನಿಂದೂ ಆಯ್ತದೆ."

"ನನಗೆ ಮಾತಾಡೋ ಕೆಲಸ ಓಮ್, ಕಾಲಿನ ಕೆಲಸ ಅಲ್ಲ."

"ಇಪ್ಪತ್ತೆರಡು ವರ್ಷ ಹಕ್ಕಿ ಬಗ್ಗೆ ಮಾತಾಡ್ದೆ. ಈಗ ಹಕ್ಕಿ ಜೊತೆ ಮಾತಾಡು. ಸಂಬಳ ಅದೇ."

ಐವತ್ನಾಲ್ಕು ವರ್ಷದ ನನ್ನ ಕಾಲುಗಳಿಗೆ ಇಷ್ಟೊಂದು ಅಭಿಮಾನಿಗಳು ಸಿಕ್ಕಿದ್ದು ಇದೇ ಮೊದಲು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗರಿ ವಿಂಗಡಿಸುವ ಮೇಜಿನಿಂದ ಮೈಕು ಹಿಡಿಯುವವರೆಗೆ ಬಾಯಿಂದಲೇ ಬಂದವಳು ನಾನು. ಈಗ ಕುದುರೆಮೆಂತ್ಯದ ಸೊಪ್ಪಿನ ಮೇಲೆ ಬೆರಳಿಂದ ಟಕಟಕ ಕುಟ್ಟಿ, ಹೀಗೆ ಕುಕ್ಕಬೇಕು ಎಂದು ತೋರಿಸುತ್ತ ಕೂತಿದ್ದೇನೆ.

ಏಪ್ರಿಲ್ 19, ಮಂಗಳವಾರ

ಬೆನ್ನು ಬಗ್ಗುವುದಿಲ್ಲ. ಮಲಗಿಕೊಂಡೇ ಬರೆಯುತ್ತಿದ್ದೇನೆ.

ಮರಿಮನೆಯ ಸೊಪ್ಪಿನ ಪಟ್ಟಿಗೂ ಡಿಯಾಕನ್‌ನ ದೊಡ್ಡಿಗೂ ನಡುವೆ ಒಂದು ತಂತಿಬೇಲಿ. ಡಿಯಾಕನ್ ನಮ್ಮ ಹಿರಿಯ ಗಂಡು. ಚರ್ಚಿನ ಡಿಯಾಕನ್ನರ ಹಾಗೆ ಮೈಗೆ ಕಪ್ಪು ಕೋಟು, ರೆಕ್ಕೆಯ ತುದಿಗೆ ಬಿಳಿ. ಬೆಳಿಗ್ಗೆಯಿಂದ ಸಿಂಹದ ಹಾಗೆ ಗುಟುರು ಹಾಕುತ್ತಿದ್ದ. ಎರಡು ಸಂಸಾರ ಎದುರಾದರೆ ಹಿರಿಯರು ಕಾದಾಡುತ್ತಾರೆ, ಗೆದ್ದವರು ಎಲ್ಲ ಮರಿಗಳನ್ನೂ ಹೊಡೆದುಕೊಂಡು ಹೋಗುತ್ತಾರೆ. ಇದನ್ನೂ ನಾನು ಪ್ರವಾಸಿಗಳಿಗೆ ಹೇಳುತ್ತಿದ್ದೆ. ಆದರೆ ಆ ಎರಡು ಸಂಸಾರಗಳಲ್ಲಿ ಒಂದು ನನ್ನದು ಎಂಬುದು ಹೊಳೆದಿರಲಿಲ್ಲ.

ತಂತಿ ಕಿತ್ತುಬಂದ ಸದ್ದಷ್ಟೇ ಕೇಳಿದ್ದು. ತಿರುಗಿದರೆ ನೂರಿಪ್ಪತ್ತು ಕಿಲೋ ನನ್ನ ಮೇಲೆ ಬರುತ್ತಿದೆ. ನನ್ನ ಮುಳ್ಳಿನ ಕೊಂಬೆ ಗೋಡೆಗೆ ಒರಗಿತ್ತು. ಮರಿಗಳು ಅದಕ್ಕೆ ಹೆದರುತ್ತವೆ ಎಂದು ನಾನೇ ಅಲ್ಲಿಟ್ಟಿದ್ದೆ.

"ಹಕ್ಕಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಮಕಾಡೆ ಮಲಗಿ. ಅದು ಮುಂದಕ್ಕಷ್ಟೇ ಒದೆಯುತ್ತೆ, ನೆಲದ ಮೇಲಿರೋದಕ್ಕೆ ಒದೆಯೋಕೆ ಬರಲ್ಲ. ಹೆಚ್ಚೆಂದ್ರೆ ನಿಮ್ಮ ಮೇಲೆ ಕೂತ್ಕೊಳ್ಳುತ್ತೆ." ಹತ್ತು ಸಾವಿರ ಸಲ ಹೇಳಿದ್ದೇನೆ. ಇಲ್ಲಿ ಎಲ್ಲರೂ ನಗುತ್ತಾರೆ, ಆಗ ನಾನು ಒಂದು ಗುಟುಕು ನೀರು ಕುಡಿಯುತ್ತೇನೆ.

ಮಲಗಿದೆ. ಕೂತ.

ಉಸಿರು ನಿಂತೇಹೋಯಿತು ಅಂದುಕೊಂಡೆ. ಬಾಯಲ್ಲಿ ಮಣ್ಣು, ಬೆನ್ನ ಮೇಲೆ ಬಿಸಿ. ಆಮೇಲೆ ಒಂದೊಂದೇ ಮರಿ ಬಂತು. ನನ್ನ ಕಂಕುಳಿಗೆ, ಅವನ ರೆಕ್ಕೆಯಡಿಗೆ, ನನ್ನ ಕುತ್ತಿಗೆಗೂ ಅವನ ಎದೆಗೂ ನಡುವಿನ ಸಂದಿಗೆ. ನಲವತ್ತೊಂದೂ ಸದ್ದಿಲ್ಲದೆ ಒಳಸೇರಿದವು. ಓಮ್ ಹಾನೆಸ್ ಕೊಂಬೆ ಹಿಡಿದು ಬಂದವರು ದೂರದಲ್ಲೇ ನಿಂತುಬಿಟ್ಟರು.

"ಅಲ್ಲಾಡಬೇಡ ಡ್ರೀಕಾ. ಮೊಟ್ಟೆ ಅಂದ್ಕೊಂಡವ್ನೆ. ನಲವತ್ತೆರಡು ದಿನ ತಾನೇ, ಒಡ್ಕೊಂಡು ಈಚೆ ಬರ್ತೀಯ."

ನಲವತ್ತು ನಿಮಿಷವಾದ ಮೇಲೆ ಅವನಾಗಿಯೇ ಎದ್ದ. ಓಮ್ ಅವನನ್ನು ಅಟ್ಟಿಕೊಂಡು ಹೋಗಿ ತಂತಿ ಬಿಗಿದರು. ಮರಿಗಳು ದೊಡ್ಡ ಹಕ್ಕಿಯನ್ನು ಮುಟ್ಟಿಬಿಟ್ಟವಲ್ಲ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಬೆನ್ನು ಹಾಕಿದ್ದರು. ನಲವತ್ತು ನಿಮಿಷ ಯಾವ ಲೆಕ್ಕ, ಬಿಡು, ಎಂದು ನಾನೂ ಸುಮ್ಮನಾದೆ.

ಏಪ್ರಿಲ್ 22, ಶುಭ ಶುಕ್ರವಾರ

ಈರುಳ್ಳಿ, ಹುಳಿ, ಮಸಾಲೆ ಹಾಕಿ ನೆನೆಸಿದ ಮೀನು. ಮೇನೀರ್ ಅವರ ಹೆಂಡತಿ ಡಬ್ಬಿಯಲ್ಲಿ ಕಳಿಸಿದ್ದರು. ಗೇಟಿನಾಚೆ ಒಂದೂ ಬಸ್ಸಿಲ್ಲ. ಸ್ವಾರ್ಟ್‌ಬರ್ಗ್ ಬೆಟ್ಟದ ನೆತ್ತಿಯ ಮೇಲೆ ಬೆಳಗಾಗುವಷ್ಟರಲ್ಲಿ ಹಿಮ ಬಿದ್ದಿದೆ. ನಮ್ಮ ಚಳಿಗಾಲ ಶುರುವಾಗುವುದೇ ಜೂನಿಗೆ, ಏಪ್ರಿಲ್‌ನಲ್ಲಿ ಹಿಮ ಕಂಡದ್ದು ನನಗೆ ನೆನಪಿಲ್ಲ. ಗಾಳಿ ಅಲ್ಲಿಂದ ನೇರ ಇಲ್ಲಿಗೇ.

ಮರಿ: 41. ನಲವತ್ತರಲ್ಲಿ ಹತ್ತು ಸಾಯುವುದು ಮಾಮೂಲಂತೆ. ಲೀನಿಯ ಕೈಯಲ್ಲೂ ಹೀಗೆ ಪೂರ್ತಿ ಉಳಿದದ್ದಿಲ್ಲವಂತೆ. ಇದನ್ನು ಹೇಳಿದ್ದು ಓಮ್. ನಾನೇನೂ ಕೇಳಿರಲಿಲ್ಲ. ಎರಡು ಸಲ ಹೇಳಿಸಿಕೊಂಡೆ, ಅಷ್ಟೆ.

ಏಪ್ರಿಲ್ 23, ಶನಿವಾರ

ನಾಲ್ಕು ಗಂಟೆಗೆ ಮರಿಮನೆಯ ಗ್ಯಾಸ್ ಹೀಟರ್ ನಿಂತಿತು. ಸಿಲಿಂಡರ್ ಖಾಲಿ. ಶೆಡ್ಡಿನಲ್ಲಿದ್ದ ಇನ್ನೊಂದೂ ಖಾಲಿ, ಯಾರೂ ಅಲ್ಲಾಡಿಸಿ ನೋಡಿರಲಿಲ್ಲ. ಹಬ್ಬಕ್ಕೆ ಪೇಟೆಯ ಅಂಗಡಿಗಳೆಲ್ಲ ಬಂದ್. ಮಂಗಳವಾರದವರೆಗೆ ಲಾರಿ ಇಲ್ಲ. ಮೇನೀರ್ ಅಡುಗೆಮನೆಯ ಸಿಲಿಂಡರ್ ಕಳಚಿ ತಂದರು, ಅದರ ಮೂತಿ ಇದಕ್ಕೆ ಕೂರಲಿಲ್ಲ. ಒಳಗೆ ಬೆಂಕಿ ಹಾಕಿದರೆ ಹೊಗೆಗೆ ಸಾಯುತ್ತವೆ, ಹಾಕದಿದ್ದರೆ ಚಳಿಗೆ ಸಾಯುತ್ತವೆ.

ಐದೂವರೆಗೆ ಒಂದು ಮರಿಯ ಕಾಲು ಮುಟ್ಟಿ ನೋಡಿದೆ. ನಲ್ಲಿಯ ಹಾಗೆ ತಣ್ಣಗಿತ್ತು.

ಹಗಲಿನ ಕಾವು ಹೆಣ್ಣಿನದು, ರಾತ್ರಿಯ ಕಾವು ಗಂಡಿನದು. ಇಲ್ಲಿ ಹುಟ್ಟಿದ ಯಾವ ಕೂಸಿಗಾದರೂ ಗೊತ್ತು. ಓಮ್ ಡಿಯಾಕನ್‌ನ ದೊಡ್ಡಿಯ ಕಡೆ ನೋಡಿದರು. ನಾನೂ ನೋಡಿದೆ. ದೊಡ್ಡಿಯ ಕಿರುಬಾಗಿಲ ಅಗಳಿ ತೆಗೆದ ಕೈ ಮಾತ್ರ ನನ್ನದು.

ಏಪ್ರಿಲ್ 26, ಮಂಗಳವಾರ

ಹನ್ನೊಂದಕ್ಕೆ ಗ್ಯಾಸ್ ಬಂತು. ಗೇಟಿನಲ್ಲೇ ಇಳಿಸಿ ಉರುಳಿಸಿಕೊಂಡು ತಂದೆವು.

ಶನಿವಾರ, ಭಾನುವಾರ, ಸೋಮವಾರ. ಮೂರು ರಾತ್ರಿ. ಸಂಜೆ ನಾನು ಕಿರುಬಾಗಿಲವರೆಗೆ ನಡೆಯುವುದು, ಮರಿಗಳು ಹಿಂದೆ. ಡಿಯಾಕನ್ ರೆಕ್ಕೆ ಅಗಲಿಸಿ ಕೂರುವುದು, ಅವು ಒಳಗೆ. ಬೆಳಿಗ್ಗೆ ಅವನು ಎದ್ದರೆ ನನ್ನ ಬೂಟು ಕಂಡು ಓಡಿ ಬರುವುವು. ಎಣಿಸಿದೆ, ಪ್ರತಿ ಸಲವೂ 41. ಸೋಮವಾರ ನೀರಿನ ತೊಟ್ಟಿಯ ಮೇಲೆ ಹಿಮ ಕಟ್ಟಿದ್ದಾಗಲೂ 41.

ಇವತ್ತು ಬೆಳಿಗ್ಗೆ ಮಾತ್ರ ಅವನ ಹತ್ತಿರವೇ ನಿಂತು ನನ್ನನ್ನು ನೋಡಿದವು, ಆಮೇಲೆ ಅವನನ್ನು. ಏಳು ನಿಮಿಷ ತಡವಾಗಿ ಬಂದವು. ಗಡಿಯಾರ ನೋಡಿದ್ದರಿಂದ ಗೊತ್ತು, ಬೇರೆ ಕಾರಣಕ್ಕಲ್ಲ.

ಏಪ್ರಿಲ್ 29, ಶುಕ್ರವಾರ

ಬುಧವಾರ ಡಾಕ್ಟರು ಬಂದು ಎರಡನೇ ಸಲ ರಕ್ತ ತೆಗೆದುಕೊಂಡು ಹೋದಳು. ಮರಿಮನೆಯ ಹೊರಗಿಂದಲೇ ಕೈ ಬೀಸಿದಳು, ಬೂಟಿನ ನಿಯಮ ಅವಳಿಗೂ ಇದೆ.

ಇವತ್ತು ಬಾಯಿಗೆ ತುಕ್ಕು ಹಿಡಿಯದಿರಲಿ ಎಂದು ಮರಿಗಳೆದುರು ನಿಂತು ಪೂರ್ತಿ ಟೂರ್ ಒಪ್ಪಿಸಿದೆ. ಉಷ್ಟ್ರಪಕ್ಷಿಯ ಒಂದು ಮೊಟ್ಟೆಗೆ ಕೋಳಿಯ ಇಪ್ಪತ್ನಾಲ್ಕು. ಮೊಟ್ಟೆಯ ಮೇಲೆ ನೂರು ಕಿಲೋ ಆಸಾಮಿ ನಿಂತರೂ ಒಡೆಯದು. ಮರಳಿನಲ್ಲಿ ತಲೆ ಹೂಳುತ್ತದೆ ಎಂಬುದು ಸುಳ್ಳು. ತಲೆಗೆ ಮುಸುಕು ಹಾಕಿದರೆ ರಾತ್ರಿಯಾಯಿತು ಎಂದುಕೊಂಡು ಎಲ್ಲಿಗೆ ಕರೆದರೂ ಬರುತ್ತದೆ. ಕೊನೆಗೆ ನನ್ನ ಹೆಸರಾಂತ ಮಾತು: "ಇದರ ಕಣ್ಣು ಇದರ ಮಿದುಳಿಗಿಂತ ದೊಡ್ಡದು. ನಮ್ಮ ಮಂತ್ರಿಗಳ ಹಾಗೆ, ಎಲ್ಲಾ ನೋಡುತ್ತೆ, ಏನೂ ತಿಳಿಯಲ್ಲ."

ನಲವತ್ತೊಂದೂ ಕತ್ತೆತ್ತಿ ನೋಡುತ್ತಿದ್ದವು. ಒಂದು ಮುಂದೆ ಬಂದು ನನ್ನ ಬೂಟಿನ ಬಕಲ್ ಕುಕ್ಕಿತು. ಅವತ್ತು ರಾಶಿಯ ಅಡಿಯಲ್ಲಿ ಸಿಕ್ಕಿದ್ದ ಮರಿ ಅದು, ಕೊರಳು ಈಗಲೂ ಸ್ವಲ್ಪ ಎಡಕ್ಕೆ. ಜನ ಎದುರಿಲ್ಲದೆ ಮಾತು ರುಚಿಸುವುದಿಲ್ಲ, ಅದಕ್ಕೇ ನಿಲ್ಲಿಸಿದೆ.

ಮೇ 3, ಮಂಗಳವಾರ

ದೊಡ್ಡ ಹಕ್ಕಿಗಳ ರಕ್ತದಲ್ಲಿ ಜ್ವರ ಇದೆ.

ಮೇನೀರ್ ಫೋನು ಕೆಳಗಿಟ್ಟು ನಮ್ಮಿಬ್ಬರಿಗೂ ಹೇಳಿದರು. ಓಮ್ ಹಾನೆಸ್ ಮುಳ್ಳಿನ ಕೊಂಬೆಯನ್ನು ನೆಲಕ್ಕೆ ಇಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅದನ್ನು ನೆಲಕ್ಕಿಟ್ಟದ್ದು ನಾನು ಕಂಡಿಲ್ಲ. ಹಕ್ಕಿಗಳು ಬೇಲಿಯ ಉದ್ದಕ್ಕೂ ಚೆನ್ನಾಗಿಯೇ ಓಡಾಡಿಕೊಂಡಿವೆ, ಒಂದು ಕೆಮ್ಮೂ ಇಲ್ಲ. ಇನ್ನೂರ ಹನ್ನೆರಡು. ನೋಡುತ್ತ ನಿಂತರೆ ಯಾರೋ ತಮಾಷೆ ಮಾಡುತ್ತಿದ್ದಾರೆ ಅನ್ನಿಸುತ್ತದೆ.

ಓಮ್ ಹೋದ ಮೇಲೆ ಮೇನೀರ್ ನನ್ನನ್ನು ತಡೆದರು. ನಾಳೆ ಡಾಕ್ಟರು ಮರಿಮನೆಯ ಕಾಗದಕ್ಕೆ ಸಹಿ ಹಾಕಲು ಬರುತ್ತಾಳೆ.

"ಮರಿಗಳು ಮರಿಮನೆಯಲ್ಲೇ ಇದ್ವು. ಅಲ್ವಾ ಡ್ರೀಕಾ?"

ನಾನು ಅವರ ಮುಖ ನೋಡಿದೆ. ಆ ಸಂಜೆ ಮೂತಿ ಕೂರದ ಸಿಲಿಂಡರ್ ಹಿಡಿದು ನಿಂತಿದ್ದವರು ಇವರೇ. ಆಮೇಲೆ ಮರಿಗಳು ಹೇಗೆ ಬದುಕಿದವು ಎಂದು ಒಂದು ಸಲವೂ ಕೇಳಿರಲಿಲ್ಲ.

"ನಿನಗೆ ಮಾತು ಹೇಳಿಕೊಡಬೇಕಾ," ಅಂದು ಹೋದರು. ಕೆಟ್ಟವರಲ್ಲ. ಕಣ್ಣು ಕೆಂಪಗಿತ್ತು.

ಅವರು ಹೇಳಿದ್ದೂ ನಿಜವೇ. ಮಾತಿಗೆ ಉಪ್ಪುಖಾರ ಹಚ್ಚುವುದು ನನಗೆ ಯಾರೂ ಕಲಿಸಬೇಕಿಲ್ಲ. ಏನು ಹೇಳಬೇಕೆಂದು ಮೂರು ಸಲ ಹೇಳಿ ನೋಡಿಕೊಂಡೆ. ಚೆನ್ನಾಗಿಯೇ ಬರುತ್ತದೆ.

ಮೇ 4, ಬುಧವಾರ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಡಾಕ್ಟರು ಬೂಟು ಬದಲಿಸಿ, ಔಷಧಿ ನೀರಿನ ತೊಟ್ಟಿಯಲ್ಲಿ ನಿಂತು ಒಳಗೆ ಬಂದಳು. ಎಣಿಸಿದಳು. ಒಂದೂ ಸಾಯಿಸದೆ ಸಾಕಿದ್ದೀರಲ್ಲ ಆಂಟಿ, ಎಂದು ಬೆನ್ನು ತಟ್ಟಿದಳು. ಮೇನೀರ್ ಬಾಗಿಲಲ್ಲಿದ್ದರು, ಓಮ್ ಬೇಲಿಯ ಹತ್ತಿರ. ಅವಳು ಮಂಡಿಯೂರಿ ಕೂತು ತೊಡೆಯ ಮೇಲೆ ಕಾಗದ ಇಟ್ಟುಕೊಂಡಳು. ಕೊರಳು ವಾರೆಯ ಮರಿ ಅವಳ ಪೆನ್ನು ಕುಕ್ಕಿತು.

ಇವತ್ತು ಸಹಿಯಾದರೆ ಶುಕ್ರವಾರವೇ ಮರಿಗಳನ್ನು ನದಿಯ ಕೆಳಗಿನ ದೊಡ್ಡ ಫಾರಂಗೆ ಸಾಗಿಸಬಹುದು, ಅಲ್ಲಿ ಜಾಗ ಗೊತ್ತು ಮಾಡಿದ್ದೇನೆ, ಅಂದಳು.

ಸುಮ್ಮನಿರಬೇಕಿತ್ತು. ಲೆಕ್ಕದ ಚಟ ಬಿಡಬೇಕಲ್ಲ. "ಅಲ್ಲಿ ಎಷ್ಟು ಹಕ್ಕಿ ಇವೆ?" ಎಂದು ಕೇಳಿದೆ.

"ಆರು ಸಾವಿರ."

ಅವಳು ಕಾಗದ ನೋಡುತ್ತಲೇ ಮುಂದಿನ ಪ್ರಶ್ನೆ ಓದಿದಳು. "ಮರಿಗಳು ಯಾವತ್ತಾದರೂ ದೊಡ್ಡ ಹಕ್ಕಿಗಳ ಜೊತೆ ಇದ್ದವಾ, ಆಂಟಿ?"

ಮೂರು ಸಲ ಹೇಳಿ ನೋಡಿಕೊಂಡ ಮಾತು ಅಲ್ಲೇ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ.

"ಒಂದು ಸಲ ನಲವತ್ತು ನಿಮಿಷ. ಆಮೇಲೆ ಮೂರು ರಾತ್ರಿ."

ಯಾರು ಹೇಳಿದ್ದು ಎಂದು ನಾನೇ ತಿರುಗಿ ನೋಡಿದ ಹಾಗಾಯಿತು. ಡಾಕ್ಟರ ಪೆನ್ನು ನಿಂತಿತು. ಮೇನೀರ್ ಬಾಗಿಲಲ್ಲಿ ಇರಲಿಲ್ಲ, ಯಾವಾಗ ಹೋದರೋ. ಹುಡುಗಿ ಮರಿಗಳನ್ನು ನೋಡಿದಳು. ಹೇಳದೇ ಇರಬಹುದಿತ್ತಲ್ಲ ಆಂಟಿ ಎನ್ನುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಕಾಗದವನ್ನು ಮಡಚಿ, ಬೇರೆ ಕಾಗದ ತೆಗೆದಳು. ಶುಕ್ರವಾರ, ದೊಡ್ಡವುಗಳ ಜೊತೆಗೇ ಇವೂ, ಅಂದಳು.

ಅವಳು ಬರೆಯುತ್ತಿದ್ದಾಗ ನನಗೆ ಒಂದೇ ಯೋಚನೆ. ಕಿರುಬಾಗಿಲು ತೆರೆಯದೇ ಇದ್ದಿದ್ದರೆ ಅವು ಏಪ್ರಿಲ್ 23ಕ್ಕೇ ಸಾಯುತ್ತಿದ್ದವು. ತೆರೆದದ್ದಕ್ಕೆ ಹದಿಮೂರು ದಿನ ಹೆಚ್ಚಿಗೆ ಸಿಕ್ಕಿತು. ನಲವತ್ತೊಂದನ್ನು ಹದಿಮೂರರಿಂದ ಗುಣಿಸಿದೆ. ಐನೂರ ಮೂವತ್ತಮೂರು. ಇದನ್ನು ಯಾವ ಮನೆಯಲ್ಲಿ ಬರೆಯುವುದೋ ತಿಳಿಯಲಿಲ್ಲ.

ಮೇ 5, ಗುರುವಾರ

ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಇತ್ತು. ಮೇನೀರ್ ಕಾಫಿ ಕೊಟ್ಟರು, ಮುಖ ನೋಡಲಿಲ್ಲ.

ಓಮ್ ಹಾನೆಸ್ ಬಂದು ಮರಿಮನೆಯ ಮೆಟ್ಟಿಲ ಮೇಲೆ ಕೂತರು. ನಾಳೆ ದೊಡ್ಡ ಹಕ್ಕಿಗಳಿಗೆ ಮುಸುಕು ಹಾಕಿ, ಅವನ್ನು ಮುಗಿಸಲು ಸರ್ಕಾರದವರು ಹಾಕಿರೋ ಟೆಂಟಿಗೆ ನಾನೇ ಕರಕೊಂಡು ಹೋಗ್ತೀನಿ, ಅಂದರು. ಹೊರಗಿನವರು ಹಿಡಿದರೆ ಹೆದರಿ ಕಾಲು ಮುರಿದುಕೊಳ್ಳುತ್ತವೆ. ಅದು ಅವುಗಳಿಗೆ ಮಾಡುವ ಮರ್ಯಾದೆ ಅಲ್ಲ.

"ಮರಿಗೆ ಮುಸುಕು ಬರಲ್ಲ," ಅಂದರು.

"ಗೊತ್ತು ಓಮ್."

"ಕಾಲು ಕಂಡ್ರೆ ಸಾಕು ಅವಕ್ಕೆ."

"ಗೊತ್ತು ಅಂದ್ನಲ್ಲ."

ಮೇ 6, ಶುಕ್ರವಾರ

ಮರಿಮನೆಯಿಂದ ಟೆಂಟಿನವರೆಗೆ ಮುನ್ನೂರ ಹನ್ನೆರಡು ಹೆಜ್ಜೆ. ತಿರುಗಿ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಹಿಂದೆ ಬರುತ್ತಿರುವುದು ಕೇಳುತ್ತಿತ್ತು. ಒಂದೂ ದಾರಿ ತಪ್ಪಲಿಲ್ಲ. ಒಂದೂ ಕೂಗಲಿಲ್ಲ.

ವಾಪಸು ಬರುವಾಗಲೂ ಎಣಿಸಿದೆ. ಮುನ್ನೂರ ಹನ್ನೆರಡೇ.

ನವೆಂಬರ್ 26, ಶನಿವಾರ

ಇವತ್ತು ಗೇಟು ತೆರೆಯಿತು. ನದಿಯ ಕೆಳಗಿನ ದೊಡ್ಡ ಫಾರಂನವರು ಕೊಟ್ಟ ಹಕ್ಕಿಗಳು ಮೂವತ್ತು. ಅವರ ಆರು ಸಾವಿರಕ್ಕೆ ಏನೂ ಆಗಿಲ್ಲ. ಜೊತೆಗೆ ಕಾವು ಕೊಟ್ಟ ಮೊಟ್ಟೆಗಳನ್ನೂ ಕಳಿಸಿದ್ದರು, ಹದಿನೆಂಟು ಮರಿಯಾಗಿವೆ. ಲೀನಿ ವಾಪಸು ಬಂದಿದ್ದಾಳೆ.

ಬೆಳಿಗ್ಗೆ ಒಂದೇ ಬಸ್ಸು, ಹನ್ನೊಂದು ಜನ. ಹಳೇ ಟೂರ್, ಹಳೇ ಮೈಕು. ಮೊಟ್ಟೆ, ಗರಿ, ಓಟ, ಎಲ್ಲ ಹೇಳಿದೆ. ಕಣ್ಣು ಮಿದುಳಿನ ಮಾತು ಮಾತ್ರ ಮರೆತೇಹೋಯಿತು, ವಯಸ್ಸಾಯಿತಲ್ಲ. ಹಕ್ಕಿ ಅಟ್ಟಿಸಿಕೊಂಡು ಬಂದರೆ ಮಲಗಿ, ಮೇಲೆ ಕೂತ್ಕೊಳ್ಳುತ್ತೆ, ಅಂದೆ. ಎಲ್ಲರೂ ನಕ್ಕರು. ನೀರು ಕುಡಿಯುವುದು ನೆನಪಾಗಲಿಲ್ಲ. ಒಂದು ಹುಡುಗಿ ಕೈಯೆತ್ತಿ, ರಾತ್ರಿ ಹೊತ್ತು ಮರಿಗಳನ್ನ ಯಾರು ನೋಡ್ಕೋತಾರೆ ಎಂದು ಕೇಳಿತು.

"ಅಪ್ಪ," ಅಂದೆ.

ಇನ್ನೇನೋ ಹೇಳುತ್ತೇನೆ ಎಂದು ಅವರು ಕಾದರು. ನಾನೂ ಕಾದೆ.

ಹೋಗುವಾಗ ಅಭಿಪ್ರಾಯದ ಪುಸ್ತಕ ಕೇಳಿದರು. ನಾನು ಗೀಚಿದ್ದನ್ನೆಲ್ಲ ಮಡಚಿ ಕ್ಲಿಪ್ಪು ಹಾಕಿ, ಹೊಸ ಪುಟ ತೆರೆದುಕೊಟ್ಟೆ. ಕೇಪ್‌ಟೌನಿನ ಒಬ್ಬಾಕೆ ಬರೆದಿದ್ದಾರೆ: "ಹಕ್ಕಿಗಳು ಬಹಳ ಸುಂದರ. ಗೈಡ್ ಒಳ್ಳೆಯವರು, ಆದರೆ ಮಾತು ಕಡಿಮೆ."

ಮಾತು ಕಡಿಮೆ. ನನಗೆ. ಓದಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಓಮ್ ಹಾನೆಸ್‌ಗೆ ತೋರಿಸಿದರೆ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಬೇರೆ ಯಾರನ್ನೋ ನೋಡಿ ಬರೆದಿರಬೇಕು ಆಕೆ.

ಐದು ಗಂಟೆಯಾಯ್ತು. ಲೀನಿಗೆ ಈ ಹೊತ್ತಿಗೆ ಮನೆಗೆ ಹೋಗಿ ಅಡುಗೆ ನೋಡುವುದಿರುತ್ತದೆ. ಹದಿನೆಂಟರ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತೇನೆ, ಕಾಣುವ ಹಾಗೆ ಒಂದು ಜೊತೆ ಕಾಲು ಇರಲಿ.